‘ತುಘಲಕ್’ ಆಡುವಾಗ ಸುಲ್ತಾನನಿಗೆ ಇಂದಿನವರ ಮುಖ ಕೊಡಬೇಕೆ?

ಪ್ರಶ್ನೆ: ತಾಲೀಮು ಕೊಠಡಿ

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಈ ವರ್ಷ ನಮ್ಮ ವಿದ್ಯಾರ್ಥಿಗಳು ವಾರ್ಷಿಕೋತ್ಸವಕ್ಕೆ ಹದಿನಾಲ್ಕನೆಯ ಶತಮಾನದ ದೆಹಲಿಯ ಸುಲ್ತಾನನನ್ನು ಕುರಿತ ಗಿರೀಶ ಕಾರ್ನಾಡರ ‘ತುಘಲಕ್’ ನಾಟಕವನ್ನು ತಾವೇ ಆರಿಸಿಕೊಂಡಿದ್ದಾರೆ. ತಾಲೀಮು ಆರಂಭವಾಗಿ ಮೂರು ವಾರಗಳಾದವು. ಮಾತುಗಳು ಬಾಯಿಗೆ ಬಂದಿವೆ, ಆದರೆ ತಂಡ ಒಡೆಯುವ ಸ್ಥಿತಿಗೆ ಬಂದಿದೆ.

ಒಂದು ಗುಂಪಿನ ವಿದ್ಯಾರ್ಥಿಗಳಿಗೆ ಸುಲ್ತಾನನ ಉಡುಗೆ, ಕೈಸನ್ನೆ, ಮಾತಿನ ಧಾಟಿ ಎಲ್ಲವೂ ಇಂದಿನ ಒಬ್ಬ ನಾಯಕರನ್ನು ನೆನಪಿಸುವಂತಿರಬೇಕು. ಸುಲ್ತಾನ ಬೆಳ್ಳಿಯ ಬೆಲೆಗೆ ತಂದ ತಾಮ್ರದ ನಾಣ್ಯದ ದೃಶ್ಯದಲ್ಲಿ ಹಿಂದಿನ ಪರದೆಯ ಮೇಲೆ 2016ರ ನವೆಂಬರ್ 8ರ ನೋಟು ರದ್ದತಿಯ ನಂತರ ಬ್ಯಾಂಕುಗಳ ಮುಂದೆ ನಿಂತ ಸರತಿಯ ಚಿತ್ರಗಳನ್ನು ತೋರಿಸಬೇಕೆಂದು ಅವರು ಹೇಳುತ್ತಾರೆ. ಇನ್ನೊಂದು ಗುಂಪಿಗೆ ಇದು ಅನ್ಯಾಯವೆನಿಸುತ್ತದೆ. ಹಾಗೆ ತೋರಿಸುವುದಾದರೆ ತುರ್ತು ಪರಿಸ್ಥಿತಿಯ ಚಿತ್ರಗಳನ್ನೂ ತೋರಿಸಬೇಕೆಂದು ಅವರ ಪಟ್ಟು. ಈ ನಡುವೆ ಆಡಳಿತ ಮಂಡಳಿಯ ಹಿರಿಯರೊಬ್ಬರು ತಾಲೀಮು ನೋಡಲು ಬಂದವರು, ಐತಿಹಾಸಿಕ ನಾಟಕವನ್ನು ಇತಿಹಾಸವಾಗಿಯೇ ಆಡಿ, ರಾಜಕೀಯ ತರಬೇಡಿ ಎಂದು ಹೇಳಿ ಹೋದರು.

ಈ ಮೂರರಲ್ಲಿ ಯಾವುದೂ ನನ್ನ ಮನಸ್ಸಿಗೆ ಒಪ್ಪುತ್ತಿಲ್ಲ. ರಾಜಕೀಯವಿಲ್ಲದೆ ‘ತುಘಲಕ್’ ಆಡುವುದಾದರೆ ಉಳಿಯುವುದು ಜರತಾರಿ ಅಂಗಿ ಮತ್ತು ಕಟ್ಟಿದ ಗಡ್ಡ ಮಾತ್ರ. ಹಾಗೆಂದು ಸುಲ್ತಾನನಿಗೆ ಒಬ್ಬ ಬದುಕಿರುವವರ ಮುಖ ತೊಡಿಸಿದರೆ ನಾಟಕ ಚಿಕ್ಕದಾಗುತ್ತದೆ ಎಂದು ನನಗೆ ಅನ್ನಿಸುತ್ತದೆ, ಆದರೆ ಯಾಕೆಂದು ವಿದ್ಯಾರ್ಥಿಗಳಿಗೆ ಸಮಾಧಾನವಾಗುವಂತೆ ವಿವರಿಸಲು ನನಗೆ ಆಗಿಲ್ಲ. ಹಳೆಯ ಕಾಲದ ಕಥೆಯನ್ನು ಇಂದಿನ ನಮ್ಮ ರಾಜಕೀಯ, ನೈತಿಕ ಆಯ್ಕೆಗಳಿಗೆ ಕನ್ನಡಿಯಾಗಿ ಹಿಡಿಯುವುದು ಎಂದರೆ ನಿಜವಾಗಿ ಏನು? ಆ ಕನ್ನಡಿಯಲ್ಲಿ ಯಾರು ಕಾಣಬೇಕು?

ಇನ್ನೊಂದು ಸಣ್ಣ ತೊಂದರೆಯೂ ಇದೆ. ಸುಲ್ತಾನನ ಆಸ್ಥಾನದ ಇತಿಹಾಸಕಾರ ಬರನಿಯ ಪಾತ್ರ ಮಾಡುತ್ತಿರುವ ಹುಡುಗ ಒಳ್ಳೆಯ ನಟ. ಅವನು ಪಾತ್ರ ಬದಲಿಸಿಕೊಡಿ ಎಂದು ಕೇಳುತ್ತಿದ್ದಾನೆ. “ಮೇಡಂ, ಬೇರೆ ಎಲ್ಲರೂ ಏನಾದರೂ ಮಾಡುತ್ತಾರೆ, ನಾನು ಮಾತ್ರ ಸುಲ್ತಾನನ ಪಕ್ಕ ಸುಮ್ಮನೆ ನಿಂತಿರುತ್ತೇನೆ” ಎನ್ನುತ್ತಾನೆ. ಅವನಿಗೆ ಏನು ಹೇಳಲಿ?

---

ಉತ್ತರ: ಹಳೆಯ ಬಣ್ಣದ ಪೆಟ್ಟಿಗೆ

ಮೇಡಂ, ಮೂವತ್ತು ವರ್ಷಗಳಿಂದ ಹವ್ಯಾಸಿ ತಂಡಗಳಿಗೆ ನಾಟಕ ಮಾಡಿಸುತ್ತಿರುವ ನನ್ನ ಅನುಭವದಿಂದ ಹೇಳುತ್ತೇನೆ. ಮುಖ ಕೊಡಬೇಡಿ. ಆದರೆ ಆ ಹಿರಿಯರು ಹೇಳಿದ ಕಾರಣಕ್ಕಾಗಿ ಅಲ್ಲ.

ಈ ನಾಟಕ 1964ರಲ್ಲಿ ಪ್ರಕಟವಾಯಿತು. ಅದು ನೆಹರೂ ತೀರಿಕೊಂಡ ವರ್ಷ. ನೆಹರೂ ಯುಗದ ಆದರ್ಶಗಳು ಕಳೆದ ಮೇಲೆ ದೇಶದಲ್ಲಿ ಮೂಡಿದ ಭ್ರಮನಿರಸನವನ್ನು ಈ ನಾಟಕ ಹಿಡಿದಿದೆ ಎಂದು ಯು.ಆರ್. ಅನಂತಮೂರ್ತಿಯವರು ಇಂಗ್ಲಿಷ್ ಆವೃತ್ತಿಯ ಮುನ್ನುಡಿಯಲ್ಲಿ ಬರೆದರು. ಅಂದರೆ ಮೊದಲ ತಲೆಮಾರಿನವರು ಸುಲ್ತಾನನಲ್ಲಿ ಒಬ್ಬರನ್ನು ಕಂಡರು. ಎಪ್ಪತ್ತರ ದಶಕದಲ್ಲಿ ಇಬ್ರಾಹಿಂ ಅಲ್ಕಾಜಿಯವರು ದೆಹಲಿಯ ಹಳೆಯ ಕೋಟೆಯ ಆವರಣದಲ್ಲಿ ಇದನ್ನು ಆಡಿಸಿದರು, ಬೆಂಗಳೂರಿನಲ್ಲಿ ಸಿ.ಆರ್. ಸಿಂಹ ಅವರು ಸುಲ್ತಾನನ ಪಾತ್ರದಿಂದಲೇ ಮನೆಮಾತಾದರು. ಆ ಹೊತ್ತಿನ ಪ್ರೇಕ್ಷಕರ ಕಣ್ಣ ಮುಂದೆ ಬೇರೆಯೇ ಒಂದು ಅಧಿಕಾರದ ಚಿತ್ರವಿತ್ತು. 2016ರಲ್ಲಿ ನೋಟು ರದ್ದಾದಾಗ ನಾಟಕ ನೋಡದವರೂ ತುಘಲಕನ ಹೆಸರೆತ್ತಿದರು. ನಾಟಕದ ಮಾತು ಒಂದೇ, ಕಂಡವರು ಬೇರೆ ಬೇರೆ. ಮೊದಲ ಪ್ರಯೋಗದಲ್ಲೇ ಯಾರಾದರೂ ಸುಲ್ತಾನನಿಗೆ ನೆಹರೂ ಅವರಂತೆ ಗುಲಾಬಿ ಹೂವು ಸಿಕ್ಕಿಸಿ ನಿಲ್ಲಿಸಿದ್ದರೆ ಇಂದು ನಿಮ್ಮ ವಿದ್ಯಾರ್ಥಿಗಳಿಗೆ ಈ ನಾಟಕ ಬೇಕಾಗುತ್ತಿರಲಿಲ್ಲ.

ರಂಗದ ಲೆಕ್ಕದಲ್ಲಿಯೂ ಇದು ನಷ್ಟದ ಬಾಬತ್ತು. ಮೊದಲ ದೃಶ್ಯದಲ್ಲೇ ಪರಿಚಿತ ಮುಖ ಕಂಡರೆ ಅರ್ಧ ಸಭೆ ನಗುತ್ತದೆ, ಇನ್ನರ್ಧ ಮುಖ ಗಂಟಿಕ್ಕುತ್ತದೆ, ಎರಡೂ ಕಡೆಯವರ ಕೆಲಸ ಅಲ್ಲಿಗೆ ಮುಗಿಯುತ್ತದೆ. ಉಳಿದ ಹನ್ನೆರಡು ದೃಶ್ಯಗಳಲ್ಲಿ ಅವರು ತಮಗೆ ಮೊದಲೇ ಗೊತ್ತಿದ್ದುದನ್ನು ಖಚಿತಪಡಿಸಿಕೊಳ್ಳುತ್ತ ಕುಳಿತಿರುತ್ತಾರೆ. ಕಾರ್ನಾಡರ ಸುಲ್ತಾನ ಮೂರ್ಖನಲ್ಲ. ಮೊದಲ ದೃಶ್ಯದಲ್ಲಿ ಒಬ್ಬ ಸಾಮಾನ್ಯ ಪ್ರಜೆ ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆಲ್ಲುತ್ತಾನೆ, ಸುಲ್ತಾನ ತೀರ್ಪಿಗೆ ತಲೆಬಾಗುತ್ತಾನೆ. ಅವನ ಮಾತು ನಮ್ಮನ್ನು ಸೆಳೆಯಬೇಕು, ನಾವು ಅವನನ್ನು ನಂಬಬೇಕು. ಆಗ ಮಾತ್ರ ಆರನೆಯ ದೃಶ್ಯದಲ್ಲಿ ಅವನ ಕೈಯಲ್ಲಿ ಕಠಾರಿ ಕಂಡಾಗ ಆ ನಂಬಿಕೆಗೆ ಉತ್ತರ ಕೊಡಬೇಕಾದವರು ನಾವಾಗುತ್ತೇವೆ.

ಅಮೆರಿಕದ ಒಂದು ಉದಾಹರಣೆಯೂ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ಕಮ್ಯುನಿಸ್ಟರೆಂಬ ಗುಮಾನಿಯ ಮೇಲೆ ಜನರನ್ನು ಸಮಿತಿಗಳ ಮುಂದೆ ನಿಲ್ಲಿಸಿ, ಗೆಳೆಯರ ಹೆಸರು ಹೇಳಿಸುತ್ತಿದ್ದ ಕಾಲದಲ್ಲಿ ಆರ್ಥರ್ ಮಿಲ್ಲರ್ 1692ರ ಸೇಲಂ ಊರಿನ ಮಾಟಗಾತಿ ವಿಚಾರಣೆಗಳನ್ನು ಆಧರಿಸಿ ‘ದಿ ಕ್ರೂಸಿಬಲ್’ ಬರೆದರು. ಅದು 1953ರಲ್ಲಿ ರಂಗಕ್ಕೆ ಬಂತು. ನಾಟಕದ ಒಳಗೆ ತನ್ನ ಕಾಲದ ಒಬ್ಬ ರಾಜಕಾರಣಿಯ ಹೆಸರೂ ಇಲ್ಲ. ನಾಯಕ ಪ್ರಾಕ್ಟರ್ ತಪ್ಪೊಪ್ಪಿಗೆಗೆ ಸಹಿ ಹಾಕಿದರೆ ಉಳಿಯುತ್ತಾನೆ, ಇಲ್ಲದಿದ್ದರೆ ಗಲ್ಲು. 1956ರಲ್ಲಿ ಮಿಲ್ಲರ್ ಸ್ವತಃ ಅಂಥ ಸಮಿತಿಯ ಮುಂದೆ ನಿಂತರು, ಇತರರ ಹೆಸರು ಹೇಳಲು ನಿರಾಕರಿಸಿದರು, ಮರುವರ್ಷ ಅದಕ್ಕಾಗಿ ತಪ್ಪಿತಸ್ಥರೆನಿಸಿದರು; 1958ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿತು. ಇನ್ನೂರ ಅರುವತ್ತು ವರ್ಷ ಹಿಂದಿನವರಿಗಾಗಿ ಬರೆದ ಪ್ರಶ್ನೆ ಮೂರೇ ವರ್ಷಗಳಲ್ಲಿ ಬರೆದವರ ಮನೆ ಬಾಗಿಲಿಗೆ ಬಂದಿತ್ತು.

ನನ್ನದೇ ಒಂದು ನೆನಪು. ಹಲವು ವರ್ಷಗಳ ಹಿಂದೆ ನಾವು ಒಂದು ತಾಲ್ಲೂಕು ಕೇಂದ್ರದಲ್ಲಿ ಬಸವಣ್ಣನವರ ಕಾಲದ ಕಥೆಯುಳ್ಳ ಕಾರ್ನಾಡರ ‘ತಲೆದಂಡ’ ಆಡಿದೆವು. ರಾಮಮಂದಿರ ಮತ್ತು ಮೀಸಲಾತಿಯ ಮಂಡಲ್ ಚಳವಳಿಗಳು ಎದ್ದ ಹೊತ್ತಿನಲ್ಲಿ, 1989ರಲ್ಲಿ, ಹನ್ನೆರಡನೆಯ ಶತಮಾನದ ಶರಣರ ಪ್ರಶ್ನೆಗಳು ಮತ್ತೆ ಎಷ್ಟು ಪ್ರಸ್ತುತವೆನಿಸಿದವು ಎಂಬುದನ್ನು ಕಾರ್ನಾಡರೇ ಹೇಳಿದ್ದಾರೆ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ನಿಶ್ಚಯವಾದ ಸುದ್ದಿ ಕೇಳಿದಾಗ ಆ ನಾಟಕದ ಬಸವಣ್ಣ ಕೂಡಲೇ ಸಂಭ್ರಮಿಸುವುದಿಲ್ಲ. ಮುಂದೆ ಏನಾಗಬಹುದೆಂದು ಯೋಚಿಸುತ್ತಾನೆ, ತಡೆಯುತ್ತಾನೆ, ಆಮೇಲೆ ಹರಸುತ್ತಾನೆ. ನಾಟಕ ಮುಗಿದ ಮೇಲೆ ಒಬ್ಬ ವೃದ್ಧರು ನೇಪಥ್ಯಕ್ಕೆ ಬಂದು ಬಹಳ ಹೊತ್ತು ಏನೂ ಮಾತಾಡದೆ ಕುಳಿತರು. ಆಮೇಲೆ “ಬಸವಣ್ಣನೂ ಹಿಂದೆಮುಂದೆ ನೋಡಿದನೇ?” ಎಂದು ಕೇಳಿದರು. ಅವರ ಮಗಳು ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ನಾಲ್ಕು ವರ್ಷಗಳಾಗಿದ್ದವು, ಅವರು ಮಗಳ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಆ ರಾತ್ರಿ ಅವರ ಜೊತೆ ಮಂದಿರದ ಬಗೆಗೂ ಮಂಡಲ್ ಬಗೆಗೂ ಒಂದು ಮಾತೂ ಬರಲಿಲ್ಲ. ಹಿಂದಿನ ಪರದೆಯ ಮೇಲೆ ನಾವು ಪತ್ರಿಕೆಯ ಚಿತ್ರಗಳನ್ನು ತೋರಿಸಿದ್ದರೆ ಅವರು ಬಂದು ಕುಳಿತುಕೊಳ್ಳಲು ಅಲ್ಲಿ ಜಾಗವಿರುತ್ತಿರಲಿಲ್ಲ.

---

ಉತ್ತರ: ಬೀದಿಯಲ್ಲಿ ಆಡಿದವನು

ಮೇಲೆ ಉತ್ತರಿಸಿದ ಹಿರಿಯರ ಮಾತನ್ನು ಗೌರವಿಸಿಯೂ ನಾನು ಒಂದು ಅಂಶದಲ್ಲಿ ಒಪ್ಪುವುದಿಲ್ಲ. ಮರೆಯಿಟ್ಟು ಹೇಳುವುದೇ ಹೆಚ್ಚಿನ ಕಲೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಮರೆ ಏಕೆ ಬೇಕಾಗಿತ್ತು ಎಂಬುದನ್ನು ಮರೆಯಬಾರದು. ನಾಟಕಗಳನ್ನು ನಿಷೇಧಿಸಲು ಬ್ರಿಟಿಷರು ತಂದ 1876ರ ನಾಟಕ ಪ್ರದರ್ಶನ ಕಾಯಿದೆ ಇದ್ದ ಕಾಲದಲ್ಲಿ ಮರಾಠಿಯ ನಾಟಕಕಾರ ಖಾಡಿಲ್ಕರರು ವೈಸರಾಯ್ ಕರ್ಜನ್ ಆಡಳಿತವನ್ನು ಟೀಕಿಸಲು ಮಹಾಭಾರತದ ಕೀಚಕನನ್ನು ತರಬೇಕಾಯಿತು. ಸರ್ಕಾರಕ್ಕೆ ಅದೂ ಅರ್ಥವಾಗಿ ‘ಕೀಚಕವಧ’ ನಿಷೇಧಗೊಂಡಿತು. ಹೆಸರು ಹಿಡಿದು ಹೇಳುವ ಅವಕಾಶ ಇರುವಾಗಲೂ ಇತಿಹಾಸದ ಮರೆ ಹಿಡಿದರೆ ಅದು ಜಾಣತನವೋ ಅಂಜಿಕೆಯೋ ಎಂದು ನಮ್ಮನ್ನು ನಾವು ಕೇಳಿಕೊಳ್ಳಬೇಕು. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ದಲಿತರನ್ನು ಸುಟ್ಟಾಗ ‘ಸಮುದಾಯ’ ರಂಗತಂಡದವರು ಅದನ್ನು ‘ಬೆಲ್ಚಿ’ ಎಂಬ ಹೆಸರಿನಲ್ಲೇ ಬೀದಿ ಬೀದಿಯಲ್ಲಿ ಆಡಿದರು. ಆ ವಿಷಯಕ್ಕೆ ಯಾವ ಸುಲ್ತಾನನ ಹೊದಿಕೆಯೂ ಬೇಕಾಗಿರಲಿಲ್ಲ.

ಕಾಲ ಬದಲಾದರೆ ಐತಿಹಾಸಿಕ ನಾಟಕವೂ ಬದಲಾಗಬೇಕಾಗುತ್ತದೆ ಎಂಬುದಕ್ಕೆ ಜರ್ಮನ್ ನಾಟಕಕಾರ ಬ್ರೆಕ್ಟ್ ಸಾಕ್ಷಿ. ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು ಡೆನ್ಮಾರ್ಕಿನಲ್ಲಿದ್ದಾಗ ಅವರು ಗೆಲಿಲಿಯೋ ನಾಟಕದ ಮೊದಲ ರೂಪ ಬರೆದರು. ಅದರಲ್ಲಿ ಚರ್ಚಿನ ಮುಂದೆ ಸೋತು ನಿಂತ ವಿಜ್ಞಾನಿ ಒಳಗೊಳಗೇ ಪುಸ್ತಕ ಬರೆದು ಸತ್ಯವನ್ನು ಗಡಿ ದಾಟಿಸುವ ಉಪಾಯಗಾರ. 1945ರಲ್ಲಿ ಹಿರೋಶಿಮಾ ಮೇಲೆ ಬಾಂಬು ಬಿತ್ತು. ಅದರ ನಂತರ ತಿದ್ದಿದ ರೂಪದಲ್ಲಿ ಅದೇ ಗೆಲಿಲಿಯೋ ತನ್ನನ್ನು ತಾನೇ ಖಂಡಿಸಿಕೊಳ್ಳುತ್ತಾನೆ, ಅಧಿಕಾರಕ್ಕೆ ವಿದ್ಯೆಯನ್ನು ಒಪ್ಪಿಸಿದ ದ್ರೋಹಿ ತಾನೆನ್ನುತ್ತಾನೆ. ಹದಿನೇಳನೆಯ ಶತಮಾನದ ಘಟನೆ ಬದಲಾಗಲಿಲ್ಲ, ಅದನ್ನು ಬರೆಯುತ್ತಿದ್ದವರ ಆತ್ಮಸಾಕ್ಷಿಗೆ ಹೊಸ ಭಾರ ಬಿತ್ತು.

ಆದ್ದರಿಂದ ಮೇಡಂ, ನಿಮ್ಮ ವಿದ್ಯಾರ್ಥಿಗಳ ಸಿಟ್ಟನ್ನು ಕಡೆಗಣಿಸಬೇಡಿ. 2016ರ ಆ ದಿನಗಳಲ್ಲಿ ಅವರಲ್ಲಿ ಕೆಲವರ ತಂದೆತಾಯಿಯರೂ ಕೂಲಿ ಬಿಟ್ಟು ಸರತಿಯಲ್ಲಿ ನಿಂತಿರಬಹುದು. ಅದನ್ನು ಹೇಳಬೇಕೆನಿಸಿದರೆ ಇಪ್ಪತ್ತು ನಿಮಿಷದ ಬೀದಿ ನಾಟಕವನ್ನು ಅವರಿಂದಲೇ ಬರೆಸಿ, ಹೆಸರು ದಿನಾಂಕಗಳ ಸಹಿತ ಆಡಿಸಿ. ಕಾರ್ನಾಡರ ಸುಲ್ತಾನನ ಹೆಗಲ ಮೇಲೆ ಅದನ್ನು ಹೊರಿಸುವುದು ಬೇಡ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ‘ರಾಜಕೀಯ ಬೇಡ’ ಎಂದ ಹಿರಿಯರಿಗೆ ಈ ಒಪ್ಪಿಗೆ ಗೆಲುವಾಗಿ ಕಾಣಬಾರದು.

---

ಉತ್ತರ: ದಫ್ತರದ ಧೂಳು

ನಾನು ಇತಿಹಾಸದ ಅಧ್ಯಾಪಕ. ಬರನಿಯ ಪಾತ್ರಧಾರಿಯ ದೂರನ್ನು ಓದಿದ ಮೇಲೆ ಬರೆಯದೆ ಇರಲಾಗಲಿಲ್ಲ, ಏಕೆಂದರೆ ಇಡೀ ನಾಟಕದಲ್ಲಿ ಇಂದಿನ ನಮಗೆ ಅತಿ ಹತ್ತಿರದವನು ಬರನಿಯೇ ಎಂದು ನಾನು ತಿಳಿದಿದ್ದೇನೆ.

ಮೊದಲು ನಾಣ್ಯದ ವಿಷಯವನ್ನು ಬೇಗ ಮುಗಿಸುತ್ತೇನೆ. 1329–30ರ ಸುಮಾರಿಗೆ ಮುಹಮ್ಮದ್ ಬಿನ್ ತುಘಲಕ್ ತಾಮ್ರ, ಹಿತ್ತಾಳೆಯ ನಾಣ್ಯಗಳನ್ನು ಬೆಳ್ಳಿಯ ಟಂಕದ ಬೆಲೆಗೆ ಚಲಾವಣೆಗೆ ತಂದನು. ಸುಲ್ತಾನನಿಗೆ ವಿಧೇಯನಾದವನು ದೇವರಿಗೆ ವಿಧೇಯನು ಎಂಬ ಅರ್ಥದ ಬರಹ ಅವುಗಳ ಮೇಲಿತ್ತು. ಖೋಟಾ ನಾಣ್ಯ ತಡೆಯುವ ಗುರುತು ಮಾತ್ರ ಅವುಗಳಲ್ಲಿರಲಿಲ್ಲ. ಮನೆಮನೆಯಲ್ಲಿ ಟಂಕಸಾಲೆ ಎದ್ದಿತೆಂದು ಬರನಿ ದೂರುತ್ತಾನೆ. ಕೊನೆಗೆ ಸುಲ್ತಾನ ಆ ನಾಣ್ಯಗಳನ್ನೆಲ್ಲ ಹಿಂತೆಗೆದುಕೊಂಡು ಖಜಾನೆಯ ಚಿನ್ನ ಬೆಳ್ಳಿ ಕೊಟ್ಟನು, ತಾಮ್ರದ ರಾಶಿಗಳು ತುಘಲಕಾಬಾದಿನಲ್ಲಿ ಗುಡ್ಡೆ ಬಿದ್ದವು. ನಾಟಕದಲ್ಲಿ ಆ ರಾಶಿ ಗುಲಾಬಿ ತೋಟಕ್ಕೆ ಬೀಳುತ್ತದೆ, ಅದು ಕಾರ್ನಾಡರ ಕಲ್ಪನೆ, ಒಳ್ಳೆಯ ಕಲ್ಪನೆ. ಅಂದು ಆದದ್ದು ಹೊಸ ಹಣವನ್ನು ಹುಟ್ಟಿಸಿದ ಕ್ರಮ. 2016ರಲ್ಲಿ ಆದದ್ದು ಚಲಾವಣೆಯಲ್ಲಿದ್ದ ಐದುನೂರು, ಸಾವಿರ ರೂಪಾಯಿಯ ನೋಟುಗಳನ್ನು ರದ್ದು ಮಾಡಿದ ಕ್ರಮ. ಎರಡನ್ನೂ ಒಂದೇ ಪರದೆಯ ಮೇಲೆ ತೋರಿಸಿದರೆ ವಿದ್ಯಾರ್ಥಿಗಳು ಎರಡನ್ನೂ ತಪ್ಪಾಗಿ ಕಲಿಯುತ್ತಾರೆ.

ಇನ್ನು ಬರನಿ. ನಿಜವಾದ ಜಿಯಾವುದ್ದೀನ್ ಬರನಿ ಹದಿನೇಳು ವರ್ಷಕ್ಕೂ ಹೆಚ್ಚು ಕಾಲ ಸುಲ್ತಾನನ ನದೀಮನಾಗಿದ್ದನು, ಅಂದರೆ ಆಪ್ತ ಸಂಗಾತಿ. 1351ರಲ್ಲಿ ಸುಲ್ತಾನ ತೀರಿಕೊಂಡ ಮೇಲೆ ಅವನ ಸ್ಥಾನ ಹೋಯಿತು, ಕೆಲಕಾಲ ಸೆರೆಯಲ್ಲಿದ್ದನು, ಮುಪ್ಪಿನಲ್ಲಿ ಬಡತನದಲ್ಲಿ ಕುಳಿತು 1357ರಲ್ಲಿ ತನ್ನ ಇತಿಹಾಸ ಗ್ರಂಥವನ್ನು ಮುಗಿಸಿದನು. ಆ ಗ್ರಂಥದಲ್ಲಿ ಅವನು ಸುಲ್ತಾನನ ಕ್ರೌರ್ಯವನ್ನು ಬರೆಯುವುದರ ಜೊತೆಗೆ ತನ್ನನ್ನೂ ದೂಷಿಸಿಕೊಳ್ಳುತ್ತಾನೆ. ಓದು ಬರಹ ಬಲ್ಲ ತಮ್ಮಂಥವರು ಪ್ರಾಣಭಯದಿಂದಲೂ ಸ್ಥಾನಮಾನದ ಆಸೆಯಿಂದಲೂ ಸುಲ್ತಾನನ ಎದುರು ಸತ್ಯ ಹೇಳಲಿಲ್ಲ, ತಪ್ಪೆಂದು ಗೊತ್ತಿದ್ದುದಕ್ಕೂ ತಲೆಯಾಡಿಸಿದೆವು, ಈಗಿನ ತನ್ನ ದುರವಸ್ಥೆ ಅದರ ಫಲ ಎಂಬ ಅರ್ಥದಲ್ಲಿ ಅವನು ತೋಡಿಕೊಳ್ಳುತ್ತಾನೆ. ಆರುನೂರು ಐವತ್ತು ವರ್ಷಗಳ ಹಿಂದಿನ ಒಬ್ಬ ವಿದ್ವಾಂಸ ತನ್ನ ಮೌನವನ್ನು ಬರಹದಲ್ಲಿ ಒಪ್ಪಿಕೊಂಡಿದ್ದಾನೆ. ಅಂಥ ಒಪ್ಪಿಗೆ ಎಷ್ಟು ಅಪರೂಪವೆಂಬುದು ಸಂಬಳಕ್ಕಾಗಿ, ಬಡ್ತಿಗಾಗಿ, ಮನೆಯ ಸಾಲದ ಕಂತಿಗಾಗಿ ಸಭೆಗಳಲ್ಲಿ ಬಾಯಿ ಮುಚ್ಚಿ ಕುಳಿತ ನಮಗೆಲ್ಲ ಗೊತ್ತು. ನಾನು ಕುಳಿತಿದ್ದೇನೆ.

ಈಗ ಆರನೆಯ ದೃಶ್ಯವನ್ನು ನೋಡಿ. ಪ್ರಾರ್ಥನೆಯ ಹೊತ್ತಿನಲ್ಲಿ ತನ್ನನ್ನು ಕೊಲ್ಲುವ ಸಂಚಿನಲ್ಲಿ ಸೇರಿದ್ದ ಶಿಹಾಬುದ್ದೀನನನ್ನು ಸುಲ್ತಾನ ತನ್ನ ಕೈಯಾರೆ ಇರಿಯುತ್ತಾನೆ, ಸುಲ್ತಾನನನ್ನು ಕಾಯಲು ಹೋಗಿ ಹುತಾತ್ಮನಾದನೆಂದು ಆಮೇಲೆ ಸಾರಿಸುತ್ತಾನೆ, ಪ್ರಾರ್ಥನೆಯನ್ನೇ ನಿಷೇಧಿಸುತ್ತಾನೆ. ಬರನಿ ಅಲ್ಲಿದ್ದಾನೆ. ಅವನ ಜೀವ ಒದ್ದಾಡುತ್ತದೆ, ಮಾತೂ ಹೊರಡುತ್ತದೆ, ಆದರೆ ಅವನು ಮರುದಿನವೂ ಅಲ್ಲಿಯೇ ಇರುತ್ತಾನೆ, ಸುಲ್ತಾನನ ಹೊಸ ರಾಜಧಾನಿ ದೌಲತಾಬಾದಿಗೂ ಹೋಗುತ್ತಾನೆ. ಕೊನೆಯ ದೃಶ್ಯದಲ್ಲಿ ತಾಯಿಯ ಸಾವಿನ ಸುದ್ದಿ ಬಂದಾಗ ಮಾತ್ರ ಹೊರಡಲು ಅಪ್ಪಣೆ ಕೇಳುತ್ತಾನೆ. ನಿಮ್ಮ ವಿದ್ಯಾರ್ಥಿಗೆ ಹೇಳಿ, ಅವನು ಸುಮ್ಮನೆ ನಿಂತಿರುವುದೇ ಪಾತ್ರ. ಎಲ್ಲಿ ಮಾತಾಡಬಹುದಿತ್ತು, ಏಕೆ ಮಾತಾಡಲಿಲ್ಲ ಎಂಬುದನ್ನು ಪ್ರತಿ ದೃಶ್ಯದಲ್ಲೂ ಅವನು ಗುರುತು ಮಾಡಿಕೊಳ್ಳಲಿ. ಸುಲ್ತಾನನಾಗುವ ಅವಕಾಶ ಸಭೆಯಲ್ಲಿ ಕುಳಿತ ಯಾರಿಗೂ ಇಲ್ಲ. ಬರನಿಯಾಗುವ ಅವಕಾಶ ವಾರಕ್ಕೊಮ್ಮೆಯಾದರೂ ಎಲ್ಲರಿಗೂ ಬರುತ್ತದೆ.

ಆದರೆ ಬರನಿಯನ್ನು ಸಂತನನ್ನಾಗಿಯೂ ಮಾಡಬೇಡಿ. ಅವನಿಗೆ ಕುಲದ ಹಮ್ಮು ಬಹಳ. ಸುಲ್ತಾನ ಕೆಳಜಾತಿಯವರಿಗೆ, ಕಸುಬುದಾರರಿಗೆ ಅಧಿಕಾರ ಕೊಟ್ಟನೆಂಬುದು ಅವನ ದೊಡ್ಡ ಸಂಕಟಗಳಲ್ಲಿ ಒಂದು. ಹೆಂಡ ಮಾರುವ ಕುಲದ ಅಜೀಜ್ ಎಂಬ ಅಧಿಕಾರಿಯ ಬಗ್ಗೆ ಅವನು ವಿಷ ಕಾರುತ್ತ ಬರೆಯುತ್ತಾನೆ. ನಾಟಕದ ವಂಚಕ ಅಜೀಜ್ ಅಗಸ. ಕಾರ್ನಾಡರು ಅವನಿಗೆ ಎಲ್ಲರಿಗಿಂತ ಚುರುಕಾದ ಬುದ್ಧಿಯನ್ನೂ ಸುಲ್ತಾನನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವ ಧೈರ್ಯವನ್ನೂ ಕೊಟ್ಟಿದ್ದಾರೆ ಎಂಬುದು ನಿಜ. ಆದರೂ ನಿಮ್ಮ ತಂಡದಲ್ಲಿ ಮಡಿವಾಳ ಸಮುದಾಯದ ಮಕ್ಕಳಿದ್ದರೆ ಆ ಸಾಲುಗಳು ಅವರ ಕಿವಿಗೆ ಹೇಗೆ ಬೀಳುತ್ತವೆಂದು ಕೇಳಿ ನೋಡಿ. ಕಲ್ಯಾಣದ ಕಥೆಯಲ್ಲಿ ಮಡಿವಾಳ ಮಾಚಯ್ಯ ಇದ್ದಾನೆ, ದೆಹಲಿಯ ಕಥೆಯಲ್ಲಿ ಅಜೀಜ್ ಇದ್ದಾನೆ. ಒಂದನ್ನು ಹೇಳಿದವರು ಶರಣರ ಪರಂಪರೆಯವರು, ಇನ್ನೊಂದರ ಮೂಲ ಆಸ್ಥಾನದ ಕುಲೀನನ ಲೇಖನಿ. ಕನ್ನಡಿಯನ್ನು ಹಿಡಿದವನ ಕೈಯ ಗುರುತು ಗಾಜಿನ ಮೇಲೆ ಉಳಿದಿರುತ್ತದೆ.

ದೆಹಲಿಯಿಂದ ದೌಲತಾಬಾದಿಗೆ ಹೋದ ದೃಶ್ಯಗಳ ಬಗೆಗೂ ಇದೇ ಎಚ್ಚರ ಬೇಕು. ಇಡೀ ನಗರ ಬರಿದಾಯಿತೆಂಬುದನ್ನು ಇಂದಿನ ಅನೇಕ ಇತಿಹಾಸಕಾರರು ಒಪ್ಪುವುದಿಲ್ಲ. ಹೋದವರಲ್ಲಿ ಹೆಚ್ಚಿನವರು ಅಧಿಕಾರಿಗಳು, ವಿದ್ವಾಂಸರು, ಸೂಫಿಗಳು. ಕುರುಡನೊಬ್ಬನನ್ನು ದಾರಿಯುದ್ದಕ್ಕೂ ಎಳೆಸಿದಾಗ ದೌಲತಾಬಾದಿಗೆ ತಲುಪಿದ್ದು ಅವನ ಕಾಲು ಮಾತ್ರ ಎಂದು ಬರೆದ ಪ್ರವಾಸಿ ಇಬ್ನ್ ಬತೂತಾ ದೆಹಲಿಗೆ ಬಂದದ್ದು 1334ರಲ್ಲಿ, ಅದೂ ಕೇಳಿದ ಮಾತು. ನಾಟಕಕಾರನಿಗೆ ಈ ಕಥೆಗಳನ್ನು ಬಳಸುವ ಸ್ವಾತಂತ್ರ್ಯವಿದೆ. ಮಿಲ್ಲರ್ ಕೂಡ ಹನ್ನೆರಡರ ಆಸುಪಾಸಿನ ಹುಡುಗಿಯನ್ನು ಹದಿನೇಳಕ್ಕೆ ಬೆಳೆಸಿದರು, ಅರುವತ್ತರ ಪ್ರಾಕ್ಟರನನ್ನು ಮೂವತ್ತರ ಹರೆಯಕ್ಕೆ ಇಳಿಸಿದರು. ಆಡಿಸುವವರಿಗೆ ಮಾತ್ರ ಯಾವುದು ದಾಖಲೆ, ಯಾವುದು ಕಟ್ಟಿದ್ದು ಎಂಬುದು ತಿಳಿದಿರಬೇಕು. ಸುಲ್ತಾನನೊಬ್ಬನ ಕಥೆಯನ್ನು ಇಂದಿನ ಒಂದು ಸಮುದಾಯದ ಮೇಲಿನ ದ್ವೇಷಕ್ಕೆ ಆಧಾರವಾಗಿ ಎಳೆಯುವವರು ಸಭೆಯಲ್ಲಿ ಇರುತ್ತಾರೆ. ಅವರಿಗೆ ಉತ್ತರ ಕೊಡಲು ಈ ತಿಳಿವಳಿಕೆ ಬೇಕೇ ಬೇಕು.

---

ಉತ್ತರ: ತುಂಗಭದ್ರೆಯ ದಂಡೆ

ಮೇಡಂ, ನಿಮ್ಮದು ಕೊಪ್ಪಳ ಜಿಲ್ಲೆ ಎಂದು ಓದಿದ ಕೂಡಲೇ ಒಂದು ಮಾತು ಹೊಳೆಯಿತು. ‘ತುಘಲಕ್’ ನಾಟಕ ತೆರೆಯುವುದು 1327ರಲ್ಲಿ. ಅದೇ ಹೊತ್ತಿನಲ್ಲಿ ಆ ಸುಲ್ತಾನನ ಸೈನ್ಯ ನಿಮ್ಮ ನೆಲದಲ್ಲಿತ್ತು.

ಸುಲ್ತಾನನ ಸಂಬಂಧಿ ಬಹಾವುದ್ದೀನ್ ಗುರ್ಷಾಸ್ಪ್ ಎಂಬವನು ಇಂದಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದು ದಂಗೆಯೆದ್ದನು. ಸೋತು ಓಡಿ ಬಂದು ಕಂಪಿಲಿಯ ರಾಯನ ಮರೆಹೊಕ್ಕನು. ಮರೆಹೊಕ್ಕವನನ್ನು ಒಪ್ಪಿಸಲು ಕಂಪಿಲರಾಯ ಒಪ್ಪಲಿಲ್ಲ. ಸೋಲು ಖಚಿತವಾದಾಗ ಅವನನ್ನು ಇನ್ನೊಬ್ಬ ದೊರೆಯ ಬಳಿಗೆ ಕಳುಹಿಸಿಕೊಟ್ಟನು. ಅರಮನೆಯ ಹೆಂಗಸರು ಬೆಂಕಿಗೆ ಬಿದ್ದರು, ರಾಯ ಕಾದಾಡಿ ಸತ್ತನು. ಇದನ್ನು ಇಬ್ನ್ ಬತೂತಾ ಬರೆದಿದ್ದಾನೆ. ಆ ಇನ್ನೊಬ್ಬ ದೊರೆ ಹೊಯ್ಸಳ ಮೂರನೆಯ ಬಲ್ಲಾಳನೆಂದು ಇತಿಹಾಸಕಾರರು ಗುರುತಿಸುತ್ತಾರೆ. ಅವನು ಗುರ್ಷಾಸ್ಪನನ್ನು ಹಿಡಿದು ಒಪ್ಪಿಸಿದನು. ಸುಲ್ತಾನ ಆ ಬಂಧುವಿನ ಚರ್ಮ ಸುಲಿಸಿದನು.

ಇಬ್ಬರು ದೊರೆಗಳು, ಬಾಗಿಲಿಗೆ ಬಂದ ಒಬ್ಬನೇ ಮನುಷ್ಯ. ಕಂಪಿಲರಾಯನ ಮಾತು ಉಳಿಯಿತು, ರಾಜ್ಯ ಅಳಿಯಿತು, ಅದರ ಜೊತೆ ಏನೂ ತಪ್ಪು ಮಾಡದ ಜನರೂ ಅಳಿದರು. ಬಲ್ಲಾಳ ತನ್ನ ಜನರಿಗೆ ಇನ್ನೂ ಸುಮಾರು ಹದಿನೈದು ವರ್ಷಗಳ ಆಳಿಕೆಯನ್ನು ಉಳಿಸಿಕೊಂಡನು, ಕೊನೆಗೆ ಮಧುರೆಯ ಸುಲ್ತಾನನ ಕೈಗೆ ಸಿಕ್ಕಿ ಸತ್ತನು. ಯಾರು ಸರಿ ಎಂದು ನಾನು ಬಹಳ ವರ್ಷ ಯೋಚಿಸಿದ್ದೇನೆ. ಹುಡುಗನಾಗಿದ್ದಾಗ ನನ್ನ ಉತ್ತರ ಸುಲಭವಾಗಿತ್ತು. ಮೂರು ಮಕ್ಕಳ ತಂದೆಯಾದ ಮೇಲೆ ಬಲ್ಲಾಳನನ್ನು ಬೈಯುವ ನಾಲಿಗೆ ತಡವರಿಸುತ್ತದೆ. ನಮ್ಮ ಕಾವ್ಯ ಮತ್ತು ಜನಪದ ಕಂಪಿಲರಾಯನ ಮಗ ಕುಮಾರರಾಮನನ್ನು ಪರನಾರೀಸಹೋದರನೆಂದು ಹಾಡಿ ಹೊಗಳಿದವು. ಅವನ ಶೀಲದ ಕಥೆ ಮುಂದೆ ಬಂದು, ಬೇರೆ ಧರ್ಮದ ಒಬ್ಬ ಮನುಷ್ಯನಿಗೆ ಕೊಟ್ಟ ಆಶ್ರಯದ ಕಥೆ ಹಿಂದೆ ಸರಿಯಿತು. ದೇಶ ದೇಶಗಳ ಗಡಿಯಲ್ಲಿ ಜನ ಮಕ್ಕಳನ್ನು ಎತ್ತಿಕೊಂಡು ನಿಂತಿರುವ ಈ ಕಾಲದಲ್ಲಿ, ಒಬ್ಬರಿಗೆ ಬಾಗಿಲು ತೆರೆದರೆ ನಮ್ಮ ಮನೆಗೆ ಬೆಂಕಿ ಬೀಳಬಹುದೆಂಬ ಭಯ ನಿಜವಾಗಿರುವಾಗ, ಆ ಎರಡನೆಯ ಕಥೆಯನ್ನು ನಿಮ್ಮ ವಿದ್ಯಾರ್ಥಿಗಳು ಎಂದಾದರೂ ಬರೆಯಲಿ ಎಂದು ನನ್ನ ಆಸೆ. ಅದರಲ್ಲಿ ಸುಲ್ತಾನ ರಂಗಕ್ಕೇ ಬರಬೇಕಾಗಿಲ್ಲ.

---

ಪ್ರಶ್ನಿಸಿದವರ ಮರು ಬರಹ: ತಾಲೀಮು ಕೊಠಡಿ

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಮುದ್ರಿಸಿ ತಂಡದ ಮುಂದೆ ಇಟ್ಟೆ, ಎರಡು ಸಂಜೆ ತಾಲೀಮು ನಿಲ್ಲಿಸಿ ಓದಿದೆವು.

ಹಿಂದಿನ ಪರದೆಯ ಚಿತ್ರಗಳನ್ನು ಕೈಬಿಟ್ಟಿದ್ದೇವೆ. ಎಲ್ಲರಿಗೂ ಇದು ಒಪ್ಪಿಗೆಯಾಗಿಲ್ಲ. ಮೂವರು ವಿದ್ಯಾರ್ಥಿಗಳು ನೋಟು ರದ್ದತಿಯ ಬಗ್ಗೆ ತಮ್ಮ ತಮ್ಮ ಮನೆಗಳಲ್ಲಿ ಕೇಳಿ ಬರೆದುಕೊಳ್ಳುತ್ತಿದ್ದಾರೆ, ಅದು ಬೀದಿ ನಾಟಕವಾದರೆ ಸಂತೆಯ ದಿನ ಆಡುತ್ತೇವೆಂದಿದ್ದಾರೆ. ನಾನು ಜೊತೆಗಿರುತ್ತೇನೆಂದು ಮಾತು ಕೊಟ್ಟಿದ್ದೇನೆ. ಆಡಳಿತ ಮಂಡಳಿಯ ಹಿರಿಯರಿಗೂ ಈ ವಿಷಯವನ್ನು ಮುಚ್ಚಿಡದೆ ತಿಳಿಸಿದೆ. ಅವರು ಇನ್ನೂ ಉತ್ತರ ಕೊಟ್ಟಿಲ್ಲ.

ಅಜೀಜನ ಸಾಲುಗಳ ಬಗ್ಗೆ ಕೇಳಿ ನೋಡಿ ಎಂದಿದ್ದಿರಿ. ಕೇಳಿದೆ. ದೌಲತಾಬಾದಿನ ಕೋಟೆಯ ಮೇಲೆ ರಾತ್ರಿ ಕಾವಲು ಕಾಯುವ ಯುವಕನ ಪಾತ್ರ ಮಾಡುವ ಹುಡುಗಿ ಆ ಸಮುದಾಯದವಳು ಎಂದು ನನಗೆ ಗೊತ್ತಿರಲಿಲ್ಲ. ಅಷ್ಟು ದಿನ ತಾನು ಆ ದೃಶ್ಯ ಬಂದಾಗ ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗುತ್ತಿದ್ದೆ ಎಂದಳು. ಮಾತು ಬದಲಿಸುವುದು ಬೇಡ, ಅಜೀಜನನ್ನು ತಾನೇ ಮಾಡುತ್ತೇನೆ ಎಂದು ಈಗ ಕೇಳಿದ್ದಾಳೆ. ಒಪ್ಪಿದ್ದೇವೆ.

ಬರನಿಯ ಹುಡುಗ ಪಾತ್ರ ಬಿಡುವುದಿಲ್ಲ ಎಂದಿದ್ದಾನೆ. ಮೊನ್ನೆ ಆರನೆಯ ದೃಶ್ಯವನ್ನು ಮಾತಿಲ್ಲದೆ, ನಡೆ ಮಾತ್ರ ಇಟ್ಟುಕೊಂಡು ತಾಲೀಮು ಮಾಡಿಸಿದೆ. ಸುಲ್ತಾನ ಕಠಾರಿ ಎತ್ತಿದಾಗ ಅವನು ಅಷ್ಟು ದಿನ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಮೊನ್ನೆ ಒಂದು ಹೆಜ್ಜೆ ಮುಂದೆ ಇಟ್ಟ, ಅಲ್ಲಿಯೇ ನಿಂತ, ಆಮೇಲೆ ಎಲ್ಲರೂ ಹೊರಟ ಮೇಲೆ ಆ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡ. ದೃಶ್ಯ ಮುಗಿದರೂ ಸುಲ್ತಾನನ ಪಾತ್ರದ ಹುಡುಗ ಕಠಾರಿಯನ್ನು ಕೆಳಗಿಡಲು ಮರೆತು ಅವನನ್ನೇ ನೋಡುತ್ತಿದ್ದ.